ಬಿನ್ ಕಾರ್ಡ್ ಹೇಳಿದ ಕಂಪನಿ ಇತಿಹಾಸ

ಕಸ್ಟಮರ್ ಆಡಿಟ್‌ಗೆ (ಗ್ರಾಹಕರ ಕಡೆಯವರು ಬಂದು ಮಾಡುವ ತಪಾಸಣೆ) ಮುಂಚೆ ಕಂಪನಿ ಇತಿಹಾಸದ ಸ್ಲೈಡ್ ಮಾಡುವ ಕೆಲಸವನ್ನು ನನ್ನ ಕುತ್ತಿಗೆಗೆ ಕಟ್ಟಿದರು. ನಮ್ಮದು ಎಲೆಕ್ಟ್ರಾನಿಕ್ ಕಾಂಪೊನೆಂಟ್ ಡಿಸ್ಟ್ರಿಬ್ಯೂಷನ್. ನಾನು ಕ್ವಾಲಿಟಿಯವನು. ಮಾರ್ಕೆಟಿಂಗ್‌ನವರು ಬಿಡುವಿಲ್ಲ ಅಂದರು, ಅಷ್ಟೇ.

ಈ ವ್ಯಾಪಾರದಲ್ಲಿ ಕಥೆಗಳಿಗೇನೂ ಬರ ಇಲ್ಲ. ದೊಡ್ಡ ಡಿಸ್ಟ್ರಿಬ್ಯೂಟರ್‌ಗಳಾದ ಅವ್ನೆಟ್ 1921ರಲ್ಲಿ, ಆರೋ 1935ರಲ್ಲಿ ನ್ಯೂಯಾರ್ಕಿನ ರೇಡಿಯೋ ರೋ ಅನ್ನುವ ಅಂಗಡಿ ಬೀದಿಗಳಲ್ಲಿ ಹುಟ್ಟಿದವು. ಆ ಬೀದಿಗಳನ್ನು ಆಮೇಲೆ ವರ್ಲ್ಡ್ ಟ್ರೇಡ್ ಸೆಂಟರ್‌ಗಾಗಿ ಕೆಡವಿದರು. ಮೌಸರ್ ಶುರು ಮಾಡಿದ್ದು 1964ರಲ್ಲಿ, ಕ್ಯಾಲಿಫೋರ್ನಿಯಾದ ಫಿಸಿಕ್ಸ್ ಮೇಷ್ಟ್ರು ಜೆರ್ರಿ ಮೌಸರ್. ಡಿಜಿ-ಕೀಯ ರೊನಾಲ್ಡ್ ಸ್ಟೋರ್ಡಾಲ್ ಮೊದಲು ಮಾರಿದ್ದು ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ, ಮೋರ್ಸ್ ಸಂಕೇತ ಕಳಿಸುವ ಕೀಯರ್ ಕಿಟ್. ಇವನ್ನೆಲ್ಲ ಒಂದು ಸ್ಲೈಡಿಗೆ ತುಂಬಿದೆ. ಪಕ್ಕದಲ್ಲಿ ನಮ್ಮ ಸಂಸ್ಥಾಪಕರ ಹಳೇ ಫೋಟೋ. ಎಂಡಿ ಖುಷಿಯಾದರು. ಕೊನೆಯ ಸ್ಲೈಡಿನಲ್ಲಿ ಯಾವ ಲೈನಿನ (ಒಬ್ಬ ತಯಾರಕರ ಮಾಲಿನ) ಫ್ರಾಂಚೈಸ್, ಅಂದರೆ ಅಧಿಕೃತವಾಗಿ ಮಾರುವ ಹಕ್ಕು, ಯಾವ ವರ್ಷ ಸಿಕ್ಕಿತು ಅಂತ ಒಂದು ಪಟ್ಟಿಯನ್ನೂ ಹಾಕಿದೆ. ಸುಮ್ನೆ, ಜಾಗ ಖಾಲಿ ಇತ್ತು ಅಂತ.

ಆಡಿಟರ್ ಕಥೆಯ ಸ್ಲೈಡನ್ನು ನೋಡಲೇ ಇಲ್ಲ. ಪಟ್ಟಿಯ ಸ್ಲೈಡ್ ಬಂದಾಗ ಮಾತ್ರ ಪೆನ್ನು ತೆಗೆದರು. ಬೆಳಿಗ್ಗೆ ಸ್ಟೋರ್ಸ್‌ನಲ್ಲಿ ಮೈಕ್ರೋಕಂಟ್ರೋಲರ್ ಚಿಪ್‌ಗಳ ಒಂದು ರೀಲ್ (ಸುರುಳಿ) ನೋಡಿದ್ದರಂತೆ. ತಯಾರಾದ ಕಾಲ ಹೇಳುವ ಡೇಟ್ ಕೋಡ್ 1138, ಅಂದರೆ 2011ರ 38ನೇ ವಾರ. "ಈ ಲೈನ್ ನಿಮಗೆ ಸಿಕ್ಕಿದ್ದು 2014ರಲ್ಲಿ ಅಂತ ಬರೆದಿದ್ದೀರಿ. ಇದು ಎಲ್ಲಿಂದ ಬಂತು?"

"ತಯಾರಕರೇ ಹಳೇ ಲಾಟ್ ಕಳಿಸಿರಬೇಕು" ಅಂದೆ. ಹಾಗೆ ಆಗುವುದುಂಟು, ಅದಕ್ಕೇ ಧೈರ್ಯವಾಗಿ ಹೇಳಿದೆ. ಅವರು ಮೊಬೈಲ್ ತೆಗೆದು ಬಿನ್ ಕಾರ್ಡಿನ, ಅಂದರೆ ಸ್ಟೋರ್ಸ್‌ನಲ್ಲಿ ಮಾಲಿನ ಜೊತೆ ಇಡುವ ಲೆಕ್ಕದ ಚೀಟಿಯ, ಫೋಟೋ ತೋರಿಸಿದರು. ರಸೀದಿ ದಿನಾಂಕ 2012. ಫ್ರಾಂಚೈಸ್ ಸಿಗುವ ಮುಂಚೆಯೇ ಮಾಲು ಬಂದಿದೆ. ಬ್ರೋಕರ್ ಹತ್ತಿರ ಕೊಂಡು ಆಥರೈಸ್ಡ್ ಅಂತ ಮಾರುತ್ತಿದ್ದೀರಾ ಅನ್ನುವುದೇ ಅದರ ಅರ್ಥ. ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಸ್ಟಾಕ್ ಲೆಕ್ಕ ಇರುವ ಇಆರ್‌ಪಿ ಸಾಫ್ಟ್‌ವೇರ್ ತೆರೆದೆ. ಸಪ್ಲೈಯರ್ ಕಾಲಂನಲ್ಲಿ 'ಓಪನಿಂಗ್ ಸ್ಟಾಕ್'. ಹಳೇ ಸಾಫ್ಟ್‌ವೇರಿನಿಂದ ಡೇಟಾ ಎತ್ತುವಾಗ ಸಪ್ಲೈಯರ್ ಹೆಸರುಗಳನ್ನೆಲ್ಲ ಉದುರಿಸಿ ಈ ಎರಡು ಪದ ತುಂಬಿದ ಪುಣ್ಯಾತ್ಮರು ಯಾರೋ. ರೂಮಿನಲ್ಲಿ ಎಸಿ ಸದ್ದು ಬಿಟ್ಟರೆ ಬೇರೇನಿಲ್ಲ. ಸೇಲ್ಸ್ ಹೆಡ್ ನೀರು ಕುಡಿಯುತ್ತಲೇ ಇದ್ದರು. ಎಂಡಿ ನನ್ನನ್ನು ನೋಡುತ್ತಿದ್ದರು. ನಾನು ಅದೇ ಪಾರ್ಟ್ ನಂಬರನ್ನು ಮತ್ತೆ ಮತ್ತೆ ಸರ್ಚ್ ಮಾಡುತ್ತಿದ್ದೆ, ಉತ್ತರ ಬದಲಾಗುತ್ತದೆ ಅನ್ನುವ ಹಾಗೆ.

ಕೊನೆಗೆ ಸ್ಟೋರ್ಸ್‌ನ ಹಿರಿಯರನ್ನು ಕರೆಸಿದೆವು. ಬಿನ್ ಕಾರ್ಡ್ ನೋಡಿದ ಕೂಡಲೇ ಅಂದರು, "ಇದು ನಮ್ಮ ಕಾರ್ಡೇ ಅಲ್ಲ ಸಾರ್, ಅವರದು." 2013ರಲ್ಲಿ ನಾವು ಕೊಂಡ ಒಂದು ಸಣ್ಣ ಕಂಪನಿ. ಈ ಲೈನಿನ ಫ್ರಾಂಚೈಸ್ ಅವರ ಹತ್ತಿರ ಇತ್ತು. ಗೋಡೌನ್ ಸಮೇತ ಸ್ಟಾಕ್ ಬಂದಿತ್ತು, ಆಮೇಲೆ ಲೈನ್ ನಮ್ಮ ಹೆಸರಿಗೆ ಆಯಿತು. ಸಿಒಸಿ (ಮಾಲು ಸರಿಯಿದೆ ಅನ್ನುವ ಪ್ರಮಾಣಪತ್ರ) ಅವರ ಹೆಸರಲ್ಲೇ ಒಂದು ಬಾಕ್ಸ್ ಫೈಲಿನಲ್ಲಿ ಸಿಕ್ಕಿತು, ಲಾಟ್ ನಂಬರ್ ತಾಳೆಯಾಯಿತು.

ಆ ಖರೀದಿಯನ್ನು ನಾನೇ ಸ್ಲೈಡಿನಿಂದ ತೆಗೆದಿದ್ದೆ. ಸಣ್ಣ ವಿಷಯ, ಸಂಸ್ಥಾಪಕರ ಕಥೆಗೆ ಅಡ್ಡ ಅಂತ ಮೇಲಿನವರೂ ಒಪ್ಪಿದ್ದರು. ಆದರೆ ಡಿಸ್ಟ್ರಿಬ್ಯೂಟರ್‌ಗೆ ಗ್ಯಾರೇಜಿನಲ್ಲಿ ಶುರುವಾದ ಕಥೆಗಿಂತ ಇಂಥ ಖರೀದಿಗಳೇ ಮುಖ್ಯ, ಅಲ್ವಾ? ಟಿಟಿಐ ಅನ್ನುವ ಇನ್ನೊಂದು ಡಿಸ್ಟ್ರಿಬ್ಯೂಟರ್ 2000ದಲ್ಲಿ ಮೌಸರನ್ನು ಕೊಂಡಿತು. 2007ರಲ್ಲಿ ಟಿಟಿಐಯೇ ಹೂಡಿಕೆ ಕಂಪನಿ ಬರ್ಕ್‌ಶೈರ್ ಹ್ಯಾಥ್‌ವೇ ಪಾಲಾಯಿತು. 2016ರಲ್ಲಿ ಅವ್ನೆಟ್ ಪ್ರೀಮಿಯರ್ ಫಾರ್ನೆಲ್ ಅನ್ನುವ ಡಿಸ್ಟ್ರಿಬ್ಯೂಟರನ್ನು ಕೊಂಡಿತು. ಗೋಡೌನ್ ಕೈ ಬದಲಾಯಿಸಿದಾಗ ರೀಲ್ ಜೊತೆ ಅದರ ಕಾಗದವೂ ಬರಬೇಕು. ಇಲ್ಲದಿದ್ದರೆ ಅಸಲಿ ಮಾಲೂ ಅನುಮಾನದ ಮಾಲೇ.

ಆಡಿಟರ್ ಮೈನರ್ ಎನ್‌ಸಿ, ಅಂದರೆ ಸಣ್ಣ ಲೋಪ ಅಂತ ಬರೆದುಕೊಟ್ಟರು. ಓಪನಿಂಗ್ ಸ್ಟಾಕ್ ಅಂತ ಇರುವ ಲಾಟ್‌ಗಳೆಲ್ಲ ಈಗ ಕ್ವಾರಂಟೈನ್ ರ್‍ಯಾಕಿನಲ್ಲಿವೆ. ಯಾವಾಗ ಬಿಡ್ತೀರಿ ಅಂತ ಸೇಲ್ಸ್‌ನವರ ಮೇಲ್ ನಿಲ್ಲುವುದಿಲ್ಲ. ಕಾಗದ ಸಿಗದವನ್ನು ಸ್ಕ್ರ್ಯಾಪ್ ಮಾಡಿ ಅಂತ ನೋಟ್ ಹಾಕಿದ್ದೇನೆ. ಅದಕ್ಕೆ ಮಾತ್ರ ಇನ್ನೂ ಯಾರೂ ಸೈನ್ ಹಾಕಿಲ್ಲ.