ತಂಬೂರಿ ಎಲ್ಲಿ ತುಂಡಾಯಿತು? ಸ್ಟ್ರೀಮರ್ ಹುಡುಕಾಟದ ದಿನಚರಿ

ಮೊದಲ ವಾರ

ಹಳೆಯ ಆಂಪ್ಲಿಫೈಯರ್, ಸ್ಪೀಕರ್ ಎರಡೂ ಗಟ್ಟಿಯಾಗಿವೆ, ಅವುಗಳ ತಂಟೆಗೆ ಹೋಗುವುದಿಲ್ಲ. ಬೇಸರ ಬಂದಿದ್ದು ಬ್ಲೂಟೂತ್ ಮೇಲೆ. ಕರೆ ಬಂದರೆ ಹಾಡು ನಿಲ್ಲುತ್ತದೆ, ಫೋನ್ ಹಿಡಿದು ಪಕ್ಕದ ಕೋಣೆಗೆ ಹೋದರೆ ತೊದಲುತ್ತದೆ. ಅದೂ ಅಲ್ಲದೆ ಸಿಡಿಯಿಂದ ನಾನೇ ಇಳಿಸಿಕೊಂಡ ಫ್ಲ್ಯಾಕ್ (ಗುಣಮಟ್ಟ ಕಳೆಯದ) ಫೈಲುಗಳಿವೆ. ಸಿಡಿ ಅಂದರೆ ಸೆಕೆಂಡಿಗೆ 1411 ಕಿಲೋಬಿಟ್. ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಅದನ್ನು 328ರ ಆಸುಪಾಸಿಗೆ ಹಿಂಡುತ್ತದೆ. ನೆಟ್‌ವರ್ಕ್ ಸ್ಟ್ರೀಮರ್ ಆದರೆ ಫೈಲನ್ನು ಮನೆಯ ನೆಟ್‌ವರ್ಕಿನಿಂದ ತಾನೇ ಎಳೆದುಕೊಂಡು ಆಂಪ್ಲಿಫೈಯರಿಗೆ ಕೊಡುತ್ತದೆ, ಫೋನು ಬರೀ ರಿಮೋಟ್.

ಕಣದಲ್ಲಿ ಇಬ್ಬರು: ಆ್ಯಪ್ ಸಮೇತ ಬರುವ ಒಂದು ಪುಟ್ಟ ಸಿದ್ಧ ಪೆಟ್ಟಿಗೆ, ಮತ್ತು ಡ್ರಾಯರ್‌ನಲ್ಲಿ ಮಲಗಿದ್ದ ರಾಸ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್. ಪೈ ನೆತ್ತಿಯ ಮೇಲೊಂದು ಡ್ಯಾಕ್ ಬೋರ್ಡ್ (ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಂಕೇತವಾಗಿ ಬದಲಿಸುವುದು) ಕೂರಿಸಿದೆ.

ಎರಡನೇ ವಾರ

ಪೆಟ್ಟಿಗೆ ಹತ್ತೇ ನಿಮಿಷಕ್ಕೆ ಹಾಡಿತು. ಪೈ ಒಂದು ಸಂಜೆ ತಿಂದಿತು. ಅದರ ಮೇಲೆ, ಪ್ಲಗ್ ಹಾಗೇ ಕಿತ್ತಿದ್ದಕ್ಕೆ ಮೈಕ್ರೊಎಸ್‌ಡಿ ಕಾರ್ಡು ಕೆಟ್ಟು ಎಲ್ಲ ಮೊದಲಿನಿಂದ.

ಕೇಳಿದರೆ ಪೆಟ್ಟಿಗೆಯದೇ ಮೇಲುಗೈ. ತುಂಬಿದ ಬೇಸ್, ತಿಳಿಯಾದ ಕಂಠ. ನಿರ್ಧಾರ ಮುಗಿಯಿತು ಅಂದುಕೊಂಡೆ. ಆದರೂ ಅನುಮಾನ, ಇದು ಬರೀ ಜೋರಾಗಿ ಕೇಳಿಸುತ್ತಿದೆಯೇ? 100 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ (ಅಗ್ಗದ ಮಲ್ಟಿಮೀಟರುಗಳು 1000 ಹರ್ಟ್ಸ್‌ನಲ್ಲಿ ತಪ್ಪು ತೋರಿಸುವುದುಂಟು) ಸ್ಪೀಕರ್ ಟರ್ಮಿನಲ್‌ಗೆ ಮೀಟರ್ ಹಿಡಿದೆ. ಪೈ 1.00 ವೋಲ್ಟ್, ಪೆಟ್ಟಿಗೆ 1.12. ಹತ್ತಿರ ಹತ್ತಿರ 1 ಡೆಸಿಬೆಲ್! ಇಷ್ಟು ವ್ಯತ್ಯಾಸವನ್ನು ಕಿವಿ ‘ಜೋರು’ ಎನ್ನುವುದಿಲ್ಲ, ‘ಚೆನ್ನ’ ಎನ್ನುತ್ತದೆ. ಪೆಟ್ಟಿಗೆಯ ವಾಲ್ಯೂಮ್ ಇಳಿಸಿ 1.01ಕ್ಕೆ ತಂದೆ. ಮನೆಯವರು ನನಗೆ ಕಾಣದಂತೆ ಇನ್‌ಪುಟ್ ಬದಲಿಸುತ್ತಾ ಹೋದರು. ಹತ್ತರಲ್ಲಿ ಆರು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು.

ಮೂರನೇ ವಾರ

ಹಾಗಾದರೆ ಯಾವುದರ ಮೇಲೆ ಆರಿಸುವುದು? ಉತ್ತರ ಒಂದು ಕಛೇರಿಯ ರೆಕಾರ್ಡಿಂಗ್‌ನಲ್ಲಿ ಸಿಕ್ಕಿತು. ಆಲಾಪನೆ ಒಂದು ಟ್ರ್ಯಾಕ್, ಕೃತಿ ಮುಂದಿನದು. ನಡುವೆ ಹಾಡುಗಾರರು ಉಸಿರು ತೆಗೆದುಕೊಳ್ಳುತ್ತಾರೆ, ತಂಬೂರಿ ಮಾತ್ರ ನಡೆದೇ ಇರುತ್ತದೆ. ಪೆಟ್ಟಿಗೆಯಲ್ಲಿ ಅಲ್ಲೇ ತಂಬೂರಿ ಪಕ್ಕನೆ ತುಂಡಾಗಿ, ಅರೆಕ್ಷಣ ಮೌನ, ಮತ್ತೆ ಹಿಡಿದುಕೊಳ್ಳುತ್ತದೆ. ಒಮ್ಮೆ ಕೇಳಿಸಿದ ಮೇಲೆ ಪ್ರತಿ ಸಲವೂ ಅದಕ್ಕೇ ಕಾಯುವಂತಾಯಿತು.

ಪೆಟ್ಟಿಗೆಯ ಮೇಲೆ ‘ಗ್ಯಾಪ್‌ಲೆಸ್’ ಎಂದೇ, ಅಂದರೆ ಹಾಡುಗಳ ನಡುವೆ ಸಂದಿಲ್ಲ ಎಂದು, ಬರೆದಿದೆ. ಆನ್‌ಲೈನ್ ಸೇವೆಯಿಂದ ನುಡಿಸಿದರೆ ಅದು ನಿಜವೂ ಹೌದು. ನನ್ನ ಸ್ವಂತ ಫೈಲುಗಳು ಬರುವುದು ಯುಪಿಎನ್‌ಪಿ ಎಂಬ, ಮನೆಯ ನೆಟ್‌ವರ್ಕಿನ ಯಂತ್ರಗಳು ಮಾತಾಡಿಕೊಳ್ಳುವ ದಾರಿಯಲ್ಲಿ. ಅಲ್ಲಿ ಆ್ಯಪ್ ಒಂದೊಂದೇ ಹಾಡಿನ ವಿಳಾಸ ಕಳಿಸುತ್ತದೆ. ‘ಮುಂದಿನದು ಇದು’ ಎಂದು ಮೊದಲೇ ಹೇಳಿಸಿಕೊಳ್ಳುವ ಸೌಲಭ್ಯ ನುಡಿಸುವ ಯಂತ್ರದಲ್ಲಿ ಇದ್ದರೆ ಮಾತ್ರ ಸಂದು ಬೀಳುವುದಿಲ್ಲ. ಬೇರೆ ಆ್ಯಪ್ ಹಾಕಿದೆ, ಅದೇ ಕತೆ. ಅದೇ ಆ್ಯಪ್‌ನಿಂದ ಪೈಗೆ ಕಳಿಸಿದೆ, ತಂಬೂರಿ ಕಡಿಯಲಿಲ್ಲ. ಅಲ್ಲಿಗೆ ತಪ್ಪು ಯಾರದೆಂದು ಗೊತ್ತಾಯಿತು.

ನಾಲ್ಕನೇ ವಾರ

ಪೆಟ್ಟಿಗೆ ವಾಪಸ್. ಪೈಗೆ ಪೈಕೋರ್‌ಪ್ಲೇಯರ್ ಎಂಬ ಹಾಡು ನುಡಿಸುವ ತಂತ್ರಾಂಶ ಹಾಕಿದೆ. ಅದು ಪೂರ್ತಿ ರ‍್ಯಾಮ್‌ನಲ್ಲೇ ಓಡುವುದರಿಂದ ಪ್ಲಗ್ ಕಿತ್ತರೂ ಕಾರ್ಡಿಗೆ ಭಯವಿಲ್ಲ. ಹಾಡುಗಳ ಪಟ್ಟಿ ನೋಡಿಕೊಳ್ಳುವುದು ಲೈರಿಯನ್ ಸರ್ವರ್. ಇದು ಸ್ಕ್ವೀಝ್‌ಬಾಕ್ಸ್ ಎಂಬ ಹಳೆಯ ಸ್ಟ್ರೀಮರ್‌ಗಳ ಕಾಲದ ತಂತ್ರಾಂಶ. ಆ ಯಂತ್ರಗಳ ತಯಾರಿಕೆ 2012ರಲ್ಲಿ ನಿಂತರೂ ಕೋಡ್ ಮುಕ್ತವಾಗಿದ್ದರಿಂದ ಬಳಸುವವರೇ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಆ್ಯಪ್ ಯಾವಾಗ ಕೈಕೊಡುತ್ತದೋ ಎಂಬ ಚಿಂತೆ ನನಗೆ ಮೊದಲಿನಿಂದಲೂ ಇತ್ತು, ಹಾಗಾಗಿ ಧ್ವನಿಗಿಂತ ಈ ಬಾಳಿಕೆಗೇ ಹೆಚ್ಚು ಅಂಕ ಕೊಟ್ಟೆ.

ಇನ್ನೂ ಕೇಸ್ ಹಾಕಿಲ್ಲ. ಸರ್ಕ್ಯೂಟು ಬತ್ತಲೆಯಾಗಿ ಆಂಪ್ಲಿಫೈಯರ್ ಪಕ್ಕದಲ್ಲಿದೆ, ರಾತ್ರಿ ಕಣ್ಣಿಗೆ ಚುಚ್ಚುವ ಕೆಂಪು ದೀಪಕ್ಕೆ ಕಪ್ಪು ಟೇಪಿನ ಚೂರು ಅಂಟಿಸಿದ್ದೇನೆ.