ಮೀನಿರುವ ಗುಂಡಿ ಬಿಟ್ಟು ಹೋದ ಗೈಡ್

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಗಾಳದ ಹುಚ್ಚಿರುವವರಿಗೆ ಮಾರ್ಚ್ ತಿಂಗಳು ಅತ್ತ ದರಿ, ಇತ್ತ ಪುಲಿ. ಕೆರೆಗಳ ಮೇಲಿನ ಐಸು ಕಾಲಿಡುವಷ್ಟು ಗಟ್ಟಿ ಉಳಿದಿರುವುದಿಲ್ಲ, ಬೋಟು ಇಳಿಸುವಷ್ಟು ಕರಗಿಯೂ ಇರುವುದಿಲ್ಲ. ಕರಗಿದರೂ ಅಷ್ಟೇ. ಒಳನಾಡಿನ ಕೆರೆಗಳಲ್ಲಿ ವಾಲೈ ಎಂಬ ಮೀನು ಹಿಡಿಯುವುದಕ್ಕೆ ಫೆಬ್ರವರಿ ಕೊನೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ನಡುವೆ. ಅಲ್ಲಿಯವರೆಗೆ ಗತಿ ಅಂದರೆ ಮಿಸಿಸಿಪ್ಪಿ ನದಿ. ಅದು ವಿಸ್ಕಾನ್ಸಿನ್ ರಾಜ್ಯದ ಜೊತೆ ಗಡಿಯಾಗಿ ಹರಿಯುವ ಭಾಗದಲ್ಲಿ ವಾಲೈ ಮೀನನ್ನೂ ಅದೇ ಕುಲದ ಸಣ್ಣ ಮೀನು ಸಾಗರ್ ಅನ್ನೂ ವರ್ಷವಿಡೀ ಹಿಡಿಯಬಹುದು. ಹಾಗಾಗಿ ಮಾರ್ಚ್ ಕೊನೆಯಲ್ಲಿ, ಮಿನಿಯಾಪೊಲಿಸ್‌ನಿಂದ ಒಂದು ಗಂಟೆ ದೂರದ ರೆಡ್ ವಿಂಗ್ ಎಂಬ ಊರಿನ ದಡದಲ್ಲಿ ನೂಕುನುಗ್ಗಲು. ಬೋಟು ಎಳೆದುಕೊಂಡು ಬಂದ ಪಿಕಪ್ ಟ್ರಕ್ಕುಗಳು ಕತ್ತಲಿರುವಾಗಲೇ ಸಾಲು ಹಿಡಿದು ನಿಂತಿರುತ್ತವೆ.

ನಾನು ಭಾವನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಅಕ್ಕನ ಕಾಟ ತಡೆಯಲಾರದೆ. ಮಗಳ ಬಾಣಂತನಕ್ಕೆಂದು ಇಬ್ಬರೂ ತೀರ್ಥಹಳ್ಳಿ ಕಡೆಯಿಂದ ಡಿಸೆಂಬರಿನಲ್ಲಿ ಬಂದಿದ್ದರು. ಅಕ್ಕನಿಗೆ ಮೈತುಂಬ ಕೆಲಸ. ಎಣ್ಣೆ-ನೀರು, ಮೆಣಸಿನ ಸಾರು, ಮಗು. ಭಾವನಿಗೆ ಏನೂ ಇಲ್ಲ. ತೋಟ, ತುಂಗೆ, ಪೇಟೆಯ ಹೋಟೆಲಿನ ಹರಟೆ ಎಲ್ಲ ಬಿಟ್ಟು ಕಿಟಕಿಯಾಚೆಯ ಹಿಮ ನೋಡುತ್ತ ಕೂತವರು, ಅಡಿಕೆ ರೇಟನ್ನು ಗಂಟೆಗೊಮ್ಮೆ ಮೊಬೈಲಿನಲ್ಲಿ ನೋಡುವ ಮಟ್ಟಕ್ಕೆ ಬಂದಿದ್ದರು. "ಇವರನ್ನ ಎಲ್ಲಿಗಾದ್ರೂ ಕರ್ಕಂಡ್ ಹೋಗೋ ಮಾರಾಯ, ಅಡಿಗೆಮನೆಗೆ ಬಂದು ಒಗ್ಗರಣೆಗೂ ಬುದ್ಧಿ ಹೇಳ್ತಾರೆ" ಅಂದಳು ಅಕ್ಕ. ಭಾವ ತುಂಗೆಯ ಬಂಡೆ ಮೇಲೆ ಕೂತು ಕೈಯಲ್ಲೇ ಗಾಳದ ದಾರ ಹಿಡಿದು ಬೆಳೆದವರು. ಮೀನು ಅಂದೊಡನೆ ಎದ್ದು ಕೂತರು.

ನನ್ನ ಹತ್ತಿರ ಬೋಟಿಲ್ಲ. ಇದ್ದಿದ್ದರೂ ವಸಂತದ ಮಿಸಿಸಿಪ್ಪಿಗೆ ಇಳಿಸುವ ಧೈರ್ಯ ನನಗಿಲ್ಲ. ಹಿಮ ಕರಗಿದ ನೀರು ಸೇರಿ ಹೊಳೆ ಏರಿರುತ್ತದೆ, ಬುಡಸಮೇತ ಕಿತ್ತ ಮರಗಳು ತೇಲಿ ಬರುತ್ತವೆ. ಹಾಗಾಗಿ ಗೈಡ್ ಒಬ್ಬನನ್ನು ಗೊತ್ತು ಮಾಡಿದೆ. ಭಾವನ ಹೆಸರಿನಲ್ಲಿ ಹೊರಗಿನವರಿಗೆ ಸಿಗುವ 24 ಗಂಟೆಯ ಲೈಸೆನ್ಸ್ ತೆಗೆದದ್ದಾಯಿತು. "ಗಾಳ ಹಾಕೋಕೂ ಲೈಸೆನ್ಸಾ?" ಎಂದು ಅವರು ಅದರ ಪ್ರಿಂಟ್ ತೆಗೆಸಿ, ಮಡಿಸಿ, ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಂಡರು.

ಬೆಳಿಗ್ಗೆ ಗಾಳಿ ಮೈನಸ್ಸಿನಲ್ಲಿತ್ತು, ನೀರು ನಾಲ್ಕು ಡಿಗ್ರಿ ಸೆಲ್ಸಿಯಸ್. ಭಾವನ ಮೈಮೇಲೆ ಥರ್ಮಲ್, ಸ್ವೆಟರ್, ಅಳಿಯನ ಸ್ನೋ ಜಾಕೆಟ್, ತಲೆಗೆ ಊರಿಂದ ತಂದ ಮಂಕಿಕ್ಯಾಪು. ಗೈಡ್ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಲೈಫ್ ಜಾಕೆಟ್ಟಿನ ಬಕಲ್ ತಾನೇ ಎಳೆದು ನೋಡುವವರೆಗೆ ಎಂಜಿನ್ ಶುರು ಮಾಡಲಿಲ್ಲ. ಈ ನೀರಿಗೆ ಬಿದ್ದರೆ ಈಜು ಬಂದರೂ ಹತ್ತು ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ ಅಂದ. ತುಂಗೆಯಲ್ಲಿ ಈಜಿದ ಕತೆ ಹೇಳಲು ಹೊರಟಿದ್ದ ಭಾವ ಸುಮ್ಮನಾದರು.

ರೆಡ್ ವಿಂಗ್‌ನಿಂದ ಸ್ವಲ್ಪ ಮೇಲಕ್ಕೆ ಲಾಕ್ ಅಂಡ್ ಡ್ಯಾಮ್ 3 ಇದೆ. 1938ರಲ್ಲಿ ಮುಗಿದ ಕಟ್ಟೆ. ನೀರಾವರಿಗೂ ಅಲ್ಲ, ಕರೆಂಟಿಗೂ ಅಲ್ಲ. ಸರಕಿನ ಬಾರ್ಜುಗಳು ಓಡಾಡಲು ಒಂಬತ್ತು ಅಡಿ ಆಳ ಇರಲೇಬೇಕೆಂದು ಈ ನದಿಯುದ್ದಕ್ಕೂ ಕಟ್ಟಿದ ಮೆಟ್ಟಿಲುಗಳಲ್ಲಿ ಇದೂ ಒಂದು. ಊರಿನ ಕೆಳಗೆ ಲೇಕ್ ಪೆಪಿನ್. ವಿಸ್ಕಾನ್ಸಿನ್ ಕಡೆಯಿಂದ ಬರುವ ಚಿಪ್ಪೆವಾ ನದಿ ತಂದು ಸುರಿದ ಮರಳು ಮಿಸಿಸಿಪ್ಪಿಗೆ ಅಡ್ಡವಾಗಿ ಆದ ಸರೋವರ ಅದು. ಚಳಿಗಾಲವೆಲ್ಲ ಅಲ್ಲಿದ್ದ ಮೀನುಗಳು ನೀರು ಬೆಚ್ಚಗಾಗುವ ಸುಳಿವು ಸಿಕ್ಕೊಡನೆ ಮೊಟ್ಟೆಯಿಡಲು ಮೇಲಕ್ಕೆ ಹೊರಡುತ್ತವೆ. ಹೊರಟವು ಡ್ಯಾಮಿಗೆ ಬಂದು ಮುಟ್ಟಿ, ಮುಂದೆ ದಾರಿಯಿಲ್ಲದೆ ಅದರ ಕೆಳಗೇ ಜಮಾಯಿಸುತ್ತವೆ.

ಇಷ್ಟನ್ನು ನಾನು ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದ ಹಾಗೇ ಭಾವ ನಡುವೆ ಬಾಯಿ ಹಾಕಿದರು. "ಹಂಗಾದ್ರೆ ಇದು ಹತ್ತುಮೀನು ಅನ್ನು!"

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ಹಳ್ಳ ಹಿಡಿದು, ಗದ್ದೆಯ ಕಂಡಿಗಳನ್ನು ಹಾರಿ, ಮೊಟ್ಟೆಯಿಡಲು ಮೇಲೆ ಹತ್ತುತ್ತವೆ. ರಾತ್ರಿ ಬ್ಯಾಟರಿ, ಕತ್ತಿ, ಮೀನು ಬೀಳುವ ಬಿದಿರಿನ ಕೂಣಿ ಹಿಡಿದು ಗಂಡಸರೆಲ್ಲ ಗದ್ದೆಯಲ್ಲೇ. ಇಲ್ಲಿ ಮಳೆಯ ಬದಲು ಹಿಮ ಕರಗುತ್ತದೆ, ಗದ್ದೆಯ ಕಂಡಿಯ ಬದಲು ಕಾಂಕ್ರೀಟಿನ ಗೇಟು. ಭಾವನಿಗೆ ಆ ಕ್ಷಣದಿಂದ ನದಿ ಪರಿಚಯದ್ದಾಯಿತು. ನನ್ನ ಭಾಷಾಂತರ ಅಷ್ಟಾಗಿ ಬೇಕಾಗಲಿಲ್ಲ.

ಬೋಟಿನ ಮುಂದಿನ ಸ್ಕ್ರೀನಿನಲ್ಲಿ ನದಿಯ ತಳ ಕಾಣುತ್ತಿತ್ತು. ಒಂದು ಕಡೆ ತಳ ಏಕಾಏಕಿ ಕುಸಿದು 38 ಅಡಿ ತೋರಿಸಿತು. ತಳಕ್ಕೆ ಅಂಟಿಕೊಂಡು ಕಮಾನು ಕಮಾನಾಗಿ ಗೆರೆಗಳು, ಎಣಿಸಲಾರದಷ್ಟು. "ಎಲ್ಲಾ ಸಾಗರ್" ಅಂದ ಗೈಡ್. ಸುತ್ತ ಹತ್ತಾರು ಬೋಟುಗಳು ಗಾಳ ಇಳಿಬಿಟ್ಟು ನಿಂತಿದ್ದವು. ಭಾವ ಕೈಗವಸು ತೆಗೆದು ತಯಾರಾದರು. ಗೈಡ್ ಎಂಜಿನ್ನಿನ ವೇಗ ಕೂಡ ಇಳಿಸಲಿಲ್ಲ. ಗುಂಡಿ ದಾಟಿ ಮುಂದೆ ಹೋದ.

"ಅಲ್ಲ, ಇವನಿಗೆಂತ ಆಯ್ತು? ಮೀನು ಅಲ್ಲಿದಾವೆ!" ಭಾವ ತಿರುಗಿ ತಿರುಗಿ ನೋಡಿದರು. ನನಗೂ ಕಸಿವಿಸಿ. ದುಡ್ಡು ಕೊಟ್ಟಿರುವುದು ಮೀನಿರುವ ಜಾಗ ತೋರಿಸಲಿಕ್ಕೆ ತಾನೇ?

ಗೈಡ್ ಮಾತಾಡದೆ ನೀರಿನ ಮೇಲೆ ಬೊಟ್ಟು ಮಾಡಿದ. ಗೇಣುದ್ದದ ಮೀನೊಂದು ಹೊಟ್ಟೆ ಮೇಲಾಗಿ ತೇಲಿ ಬರುತ್ತಿತ್ತು. ಸತ್ತಿರಲಿಲ್ಲ, ಕಿವಿರು ಆಡುತ್ತಿತ್ತು. ಕಣ್ಣುಗುಡ್ಡೆ ಹೊರಗೆ ಉಬ್ಬಿ ಬಂದಿದ್ದವು, ಬಾಯಿಂದ ಕೆಂಪನೆಯ ಏನೋ ಹೊರಕ್ಕೆ ಇಣುಕಿತ್ತು. ಒಳಕ್ಕೆ ಮುಳುಗಲು ಬಾಲ ಬಡಿಯುತ್ತದೆ, ಆಗುವುದಿಲ್ಲ. ಅದರ ಹಿಂದೆ ಇನ್ನೊಂದು. ದಡದ ಮರದಿಂದ ಬಿಳಿ ತಲೆಯ ಹದ್ದು ಇಳಿದು, ರೆಕ್ಕೆಯನ್ನೂ ಒದ್ದೆ ಮಾಡಿಕೊಳ್ಳದೆ, ಒಂದನ್ನು ಎತ್ತಿಕೊಂಡು ಹೋಯಿತು. ಡ್ಯಾಮಿನ ಕೆಳಗೆ ನೀರು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಚಳಿಗಾಲದಲ್ಲಿ ಇಲ್ಲಿ ಹದ್ದುಗಳು ನೆರೆಯುತ್ತವೆ. ಮಾರ್ಚಿನಲ್ಲಿ ಅವಕ್ಕೆ ಹೀಗೆ ಪುಕ್ಕಟೆ ಊಟ.

ಆಮೇಲೆ ಬೋಟು ನಿಲ್ಲಿಸಿ ವಿವರಿಸಿದ. ನೀರಿನಲ್ಲಿ 33 ಅಡಿ ಇಳಿದರೆ ಒತ್ತಡ ಮೇಲಿನದರ ಎರಡು ಪಟ್ಟು. ಅಷ್ಟು ಆಳಕ್ಕೆ ಹೊಂದಿಕೊಂಡ ಮೀನನ್ನು ಸರಕ್ಕನೆ ಮೇಲೆತ್ತಿದರೆ ಅದರೊಳಗಿನ ಗಾಳಿಚೀಲ ಇಮ್ಮಡಿಯಾಗಿ ಊದಿ ಜಠರ, ಕಣ್ಣು ಎಲ್ಲವನ್ನೂ ಹೊರದಬ್ಬುತ್ತದೆ. ಚಿಕ್ಕದೆಂದು ಮತ್ತೆ ನೀರಿಗೆ ಬಿಟ್ಟರೂ ಬಹುತೇಕ ಉಳಿಯುವುದಿಲ್ಲ. "ಆ ಗುಂಡಿಯಲ್ಲಿ ಹಿಡಿದರೆ ಹಿಡಿದದ್ದೆಲ್ಲ ಮನೆಗೆ ಒಯ್ಯಬೇಕು. ಯಾರೂ ಒಯ್ಯುವುದಿಲ್ಲ. ದೊಡ್ಡದು ಆರಿಸಿಕೊಂಡು ಉಳಿದದ್ದು ಹದ್ದಿಗೆ" ಅಂದ. ಹಾಗಂತ ಅಲ್ಲಿ ಗಾಳ ಹಾಕಬಾರದೆಂದು ಕಾನೂನೇನಿಲ್ಲ.

ಭಾವನಿಗೆ ಇದು ಹೊಸದು. ಹೊಸದಾಗಲು ಕಾರಣವಿದೆ. ನಮ್ಮ ಕಾಟ್ಲಾ, ರೋಹು, ಮಹಶೀರ್ ಎಲ್ಲ ಗೆಂಡೆ ಜಾತಿಯವು. ಅವುಗಳ ಗಾಳಿಚೀಲದಿಂದ ಗಂಟಲಿಗೆ ಸಣ್ಣ ಕೊಳವೆ ಇರುತ್ತದೆ, ಒತ್ತಡ ಹೆಚ್ಚಾದರೆ ಬಾಯಿಂದ ಗಾಳಿ ಬಿಟ್ಟುಕೊಳ್ಳುತ್ತವೆ. ವಾಲೈ, ಸಾಗರ್ ಪರ್ಚ್ ಕುಟುಂಬದವು. ಅವುಗಳ ಚೀಲ ಪೂರಾ ಮುಚ್ಚಿದ್ದು. ಒಳಗಿನ ಗಾಳಿ ರಕ್ತದ ಮೂಲಕ ನಿಧಾನ ಇಳಿಯಬೇಕೇ ಹೊರತು ಬೇರೆ ದಾರಿಯಿಲ್ಲ. ಭಾವ ಸ್ವಲ್ಪ ಹೊತ್ತು ಆ ಗುಂಡಿಯ ಕಡೆ ನೋಡಿ, "ಇದು ಇವನ ಚಿಬ್ಬಲಗುಡ್ಡೆ" ಅಂದರು. ತೀರ್ಥಹಳ್ಳಿ ಹತ್ತಿರ ತುಂಗೆಯ ದಡದಲ್ಲಿ ಗಣಪತಿ ದೇವಸ್ಥಾನದ ಎದುರಿನ ಮಡು ಅದು. ದೇವರ ಮೀನು ಎಂದು ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. "ದೇವ್ರಿಲ್ದೇ ಹೆಂಗೆ ಬಿಡ್ತಾನೋ ಮಾರಾಯ!"

ನಾವು ಗಾಳ ಹಾಕಿದ್ದು ಹದಿನಾರು ಅಡಿ ನೀರಿನಲ್ಲಿ, ಜೋರು ಸೆಳೆತ ಮತ್ತು ಸುಮ್ಮನೆ ನಿಂತ ನೀರು ಸೇರುವ ಅಂಚಿನಲ್ಲಿ. ಜಿಗ್ ಅಂದರೆ ಸೀಸದ ಗುಂಡು ಕೂರಿಸಿದ ಕೊಕ್ಕೆ. ಅದಕ್ಕೆ ಬೆರಳುದ್ದದ ಜೀವಂತ ಮಿನೋ ಮೀನು ಚುಚ್ಚಬೇಕು. ತಣ್ಣೀರಿನ ಮೀನು ಪೂರಾ ಬಾಯಿ ಹಾಕುವುದಿಲ್ಲವಾದ್ದರಿಂದ ಬಾಲದ ಕಡೆ ಇನ್ನೊಂದು ಪುಟ್ಟ ಕೊಕ್ಕೆ. ಅಸಲು ಕೆಲಸ ಗೈಡಿನದು. ಮುಂದಿನ ಪುಟ್ಟ ಎಲೆಕ್ಟ್ರಿಕ್ ಮೋಟರಿನಲ್ಲಿ ಬೋಟನ್ನು ನೀರು ಹರಿಯುವ ವೇಗಕ್ಕೇ ಸರಿಹೊಂದಿಸಿ ಕೆಳಕ್ಕೆ ಬಿಡುತ್ತ, ದಾರ ನೆಟ್ಟಗೆ ಕೆಳಗಿರುವಂತೆ ನೋಡಿಕೊಳ್ಳಬೇಕು. ದಾರ ಓರೆಯಾಯಿತೋ, ಜಿಗ್ ತಳ ಮುಟ್ಟಿದ್ದೂ ತಿಳಿಯುವುದಿಲ್ಲ, ಮೀನು ಮುಟ್ಟಿದ್ದೂ ತಿಳಿಯುವುದಿಲ್ಲ. ಒಂದು ಕಾಲು ಪೆಡಲಿನ ಮೇಲೆ, ಕಣ್ಣು ನಮ್ಮ ದಾರಗಳ ಮೇಲೆ ಇಟ್ಟುಕೊಂಡು ಅವನು ಗಂಟೆಗಟ್ಟಲೆ ನಿಂತೇ ಇದ್ದ. ಸ್ಕ್ರೀನು, ಜಿಪಿಎಸ್ಸು ಯಾರು ಬೇಕಾದರೂ ಕೊಳ್ಳಬಹುದು. ನನಗೆ ಅವುಗಳ ಮೇಲೆ ಅಂಥ ಗೌರವವಿಲ್ಲ. ಈ ಕಾಲಿನ ಕಸುಬಿಗೆ ಮಾತ್ರ ಕೊಟ್ಟ ದುಡ್ಡು ಸಂದಿತು.

ಜಿಗ್ ತಳ ಮುಟ್ಟಿದರೆ ಟಕ್ ಅನ್ನುತ್ತದೆ, ಎರಡು ಅಂಗುಲ ಎತ್ತಿ ಹಿಡಿಯಬೇಕು. ರಾಡಿನ ಬಳೆಗಳಲ್ಲಿ ನೀರು ಹೆಪ್ಪುಗಟ್ಟಿ ದಾರ ಸಿಕ್ಕಿಹಾಕಿಕೊಳ್ಳುತ್ತಿತ್ತು, ತುದಿಯನ್ನು ಹೊಳೆಗೆ ಅದ್ದಿ ಕರಗಿಸುವುದೇ ಒಂದು ಕೆಲಸ. ನಾನು ರಾಡಿನ ತುದಿ ನೋಡುತ್ತ ಕೂತಿದ್ದೆ. ಭಾವ ಅತ್ತ ನೋಡುತ್ತಲೇ ಇರಲಿಲ್ಲ. ಬಲಗೈಯ ಗವಸು ಕಳಚಿ, ರೀಲಿನ ಮುಂದೆ ದಾರವನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಾಯಿಸಿಕೊಂಡು, ಕಣ್ಣು ಅರೆಮುಚ್ಚಿ ಕೂತಿದ್ದರು. ಬೆರಳು ಚಳಿಗೆ ಕೆಂಪಾಗಿ ಬಿರಿಯುವಂತಿತ್ತು. ಗವಸು ಹಾಕಿಕೊಳ್ಳಿ ಭಾವ ಅಂದರೆ, "ಗವಸಿಗೆ ಮೀನು ಕಚ್ಚಿದ್ದು ಗೊತ್ತಾಗ್ತದಾ?" ಅಂದರು. ಗೈಡ್ ಅದನ್ನು ಗಮನಿಸಿದ. ಏನೂ ಹೇಳದೆ ತನ್ನ ಜೇಬಿನಿಂದ ಬಿಸಿ ಮಾಡುವ ಪೊಟ್ಟಣ ತೆಗೆದು ಅವರ ತೊಡೆಯ ಮೇಲಿಟ್ಟ.

ಮೊದಲ ಮೀನು ಅವರದೇ. ಇಲ್ಲಿ ಮೀನು ಎಳೆಯುವುದಿಲ್ಲ. ಜಿಗ್‌ಗೆ ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಸುಮ್ಮನೆ ಭಾರವಾಗುತ್ತದೆ. ಭಾವ ಮೊಣಕೈ ಎತ್ತಿದ್ದು ನನಗೆ ಕಂಡಿತು, ಕಚ್ಚಿದ್ದು ಕಾಣಲಿಲ್ಲ. ಸಾಗರ್. ಮೈಮೇಲೆ ಕಂದು ಪಟ್ಟೆಗಳು, ಬೆನ್ನಿನ ರೆಕ್ಕೆ ಬಿಡಿಸಿದರೆ ಸಾಲು ಸಾಲು ಕಪ್ಪು ಚುಕ್ಕೆ. ವಾಲೈಗೆ ಆ ಚುಕ್ಕೆಗಳಿಲ್ಲ, ರೆಕ್ಕೆಯ ಹಿಂದಿನ ಬುಡದಲ್ಲಿ ಒಂದೇ ಕಪ್ಪು ಮಚ್ಚೆ, ಬಾಲದ ಕೆಳತುದಿಗೆ ಸುಣ್ಣ ಹಚ್ಚಿದಷ್ಟು ಬಿಳಿ. ಈ ಗುರುತು ತಿಳಿಯದವರು ಈ ನದಿಗೆ ಬರಬಾರದು. ವಾಲೈ 15 ಅಂಗುಲಕ್ಕಿಂತ ಕಡಿಮೆಯಿದ್ದರೆ ಬಿಡಲೇಬೇಕು, ಸಾಗರ್‌ಗೆ ಆ ಅಳತೆಯಿಲ್ಲ. ಮುಂದೆ ಬಂದ ಒಂದು ವಾಲೈ ಅಳತೆಪಟ್ಟಿಯ ಮೇಲೆ ಕೂದಲೆಳೆಯಷ್ಟು ಗಿಡ್ಡವಾಯಿತು. ಭಾವ ಬಾಲ ನೀವಿ ಉದ್ದ ಮಾಡಲು ನೋಡಿದರು. ಗೈಡ್ ನಕ್ಕು ನೀರಿಗೆ ಬಿಟ್ಟ.

ಹತ್ತು ಗಂಟೆ ಸುಮಾರಿಗೆ ಬಂದದ್ದು ಬೇರೆ ಥರದ್ದು. ರಾಡು ಬಿಲ್ಲಾಗಿ, ರೀಲು ಕಿರುಗುಟ್ಟಿ, ಭಾವ ಎದ್ದು ನಿಂತು "ಬಿಡು ಬಿಡು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ದಾರ ಬಿಟ್ಟು, ಎಳೆದು, ಕೊನೆಗೆ ಬಲೆಗೆ ಬಂದದ್ದು ತೋಳುದ್ದದ ಹೆಣ್ಣು ವಾಲೈ. ಹೊಟ್ಟೆ ಮೊಟ್ಟೆಯಿಂದ ಬಿಗಿದಿತ್ತು. ಇಂಥದ್ದು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಗೈಡ್ ಫೋಟೋ ತೆಗೆದ, ಅಡಿಯಿಂದ ಕೈಕೊಟ್ಟು ನೀರಿನಲ್ಲಿ ಹಿಡಿದ, ಅದು ಬಾಲ ಬೀಸಿ ಹೋಯಿತು. ಇದೂ ಕಾನೂನಲ್ಲ, ಅವನ ಬೋಟಿನ ನಿಯಮ.

ಭಾವ ನಿಂತೇ ಇದ್ದರು. "ಮೊಟ್ಟೆ ಮೀನೇ ಬಿಡೋದಾ? ನಮ್ಮಲ್ಲಿ ಅದಕ್ಕೇ ಅಲ್ವನಾ ಮಳೇಲಿ ನೆನೆದು ಸಾಯೋದು!" ಎಂದರು. ಸಿಟ್ಟಿತ್ತು, ಅದನ್ನು ಮುಚ್ಚಲಿಲ್ಲ. ಅಕ್ಕ ಕೊಟ್ಟಿದ್ದ ಕಷಾಯ ಕುಡಿಯುವಾಗ ತಾವಾಗಿಯೇ ಹೇಳಿದರು: ಹತ್ತುಮೀನು ಈಗ ಮುಂಚಿನ ಹಾಗೆ ಎಲ್ಲಿದೆ, ಗದ್ದೆಯೆಲ್ಲ ಅಡಿಕೆ ತೋಟ ಆಯಿತು, ಉಳಿದ ಗದ್ದೆಗೆ ಔಷಧಿ ಹೊಡೆಯುತ್ತಾರೆ, ಹೊಳೆಗೆ ಸಿಡಿಮದ್ದಿನ ತೋಟೆ ಹಾಕುವವರು ಬೇರೆ. ಕೂಣಿಯ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ. ಗೈಡಿಗೆ ಹತ್ತುಮೀನಿನ ಕತೆ ಹೇಳಿದೆ. ಅಲ್ಲಿ ದಿನಕ್ಕೆ ಎಷ್ಟು ಹಿಡಿಯಬಹುದು ಎಂದು ಕೇಳಿದ. ಭಾವನಿಗೆ ಪ್ರಶ್ನೆ ಅರ್ಥವಾಗಿ, "ಚೀಲ ತುಂಬೋ ತನಕ" ಎಂದು ತಾವೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು.

ಮಧ್ಯಾಹ್ನ ದಡಕ್ಕೆ ಬಂದಾಗ ಇಬ್ಬರಿಗೂ ಸಾಲುವಷ್ಟು ಸಾಗರ್ ಇದ್ದವು. ಗೈಡ್ ಉದ್ದನೆಯ ತೆಳು ಚಾಕುವಿನಲ್ಲಿ ಎರಡೂ ಬದಿಯ ಮಾಂಸ ಸೀಳಿ, ಚರ್ಮ ಬಿಡಿಸಿ, ತಲೆ-ಮುಳ್ಳು ಬಕೆಟ್ಟಿಗೆ ಎಸೆಯತೊಡಗಿದ. ಭಾವನ ಎದೆ ಒಡೆದುಹೋಯಿತು. "ಏ, ತಲೆ ಎಸೀತಾನಲ್ಲೋ! ಸಾರು ಎಂತದ್ರಲ್ಲಿ ಮಾಡೋದು?" ಬಕೆಟ್ಟನ್ನೇ ತಮ್ಮ ಕಡೆ ಎಳೆದುಕೊಂಡರು. ಕೊನೆಯ ಎರಡನ್ನು ಗೈಡಿನ ಕೈಯಿಂದ ಇಸಿದುಕೊಂಡು ನಮ್ಮೂರ ಕ್ರಮದಲ್ಲಿ ಮುಳ್ಳು ಸಮೇತ ತುಂಡು ಮಾಡಿ ತೋರಿಸಿದರು. ಅವನು ಆಸಕ್ತಿಯಿಂದ ನೋಡಿದ, ಕಲಿಯುವ ಉತ್ಸಾಹವೇನೂ ತೋರಲಿಲ್ಲ.

ಸಂಜೆ ಅಕ್ಕ ವಾಟೆಹುಳಿ ಹಾಕಿ ಸಾರು ಮಾಡಿದಳು. ಇಲ್ಲಿನ ಆರೋಗ್ಯ ಇಲಾಖೆ ಬಾಣಂತಿಯರು ಯಾವ ಮೀನು ಎಷ್ಟು ತಿನ್ನಬಹುದೆಂದು ಬೇರೆಯೇ ಪಟ್ಟಿ ಇಟ್ಟಿದೆ. ಮೀನು ದೊಡ್ಡದಾದಷ್ಟೂ ಅದರಲ್ಲಿ ಪಾದರಸ ಜಾಸ್ತಿ. ಅಕ್ಕನ ಮಗಳು ಅದನ್ನು ಓದಿ ಸಣ್ಣ ತುಂಡೊಂದನ್ನು ತಿಂದಳು. ದೊಡ್ಡದನ್ನು ಬಿಟ್ಟದ್ದೇ ಒಳ್ಳೆಯದಾಯಿತು ಬಿಡಿ ಎಂದು ನಾನು ಭಾವನಿಗೆ ಸಮಾಧಾನ ಹೇಳಿದರೆ, ಅವರು ಸಮಾಧಾನವಾಗುವ ಸ್ಥಿತಿಯಲ್ಲಿರಲಿಲ್ಲ. ಮೀನು ಮೆತ್ತಗಾಯಿತು, ರುಚಿ ಸಪ್ಪೆ, ತುಂಗೆಯ ಮೀನಿಗೆ ಸಮನಲ್ಲ ಅನ್ನುತ್ತಲೇ ಮೂರನೇ ಸಲ ಬಡಿಸಿಕೊಂಡರು. ಊಟ ಮುಗಿದ ಮೇಲೆ ಅಳಿಯನನ್ನು ಪಕ್ಕಕ್ಕೆ ಕರೆದು, ಏಪ್ರಿಲ್ ಕೊನೆಯ ಟಿಕೆಟ್ಟನ್ನು ಮೇ ಕೊನೆಗೆ ಹಾಕಿಸಿದರೆ ಎಷ್ಟು ಹೆಚ್ಚು ಕಟ್ಟಬೇಕು, ಕೆರೆಗಳ ಬಾಗಿಲು ತೆರೆಯುವ ದಿನಕ್ಕೆ ಆ ಗೈಡ್ ಖಾಲಿ ಇದ್ದಾನೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಅಡಿಗೆಮನೆಯಿಂದ ಅಕ್ಕ, "ಹಾಕ್ಸು, ಆದ್ರೆ ಇವರದ್ದೊಂದೇ ಹಾಕ್ಸು" ಅಂದಳು.