ಕಕ್ಕಡದ ಗಾಳಿಗೆ ತೊನೆಯುವ ಕಂಬ

ಮಳೆಮಾಪಕಕ್ಕೆ ಗಾಳಿಯಿಂದ ವಿದ್ಯುತ್ ಒದಗಿಸುವ ಕೆಲಸ ಈ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಒಂದು ಹಂತಕ್ಕೆ ಬಂದಿದೆ. ತೋಟದ ಮೇಲಿನ ಅಂಚಿನಲ್ಲಿರುವ ಮಾಪಕ ಗಂಟೆಗೊಮ್ಮೆ ಮಳೆಯ ಲೆಕ್ಕವನ್ನು ರೇಡಿಯೊ ಮೂಲಕ ಮನೆಗೆ ಕಳುಹಿಸಬೇಕು. ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಮಳೆ ಬರೆದಿಡುವುದು ಕೊಡಗಿನ ಬೆಳೆಗಾರರಿಗೆ ಹಳೆಯ ರೂಢಿ. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ, ಬೆಳಿಗ್ಗೆ ಒಮ್ಮೆ ಅಳೆದರೆ ಸಾಲದು, ರಾತ್ರಿ ಯಾವ ಹೊತ್ತಿನಲ್ಲಿ ಎಷ್ಟು ಸುರಿಯಿತು ಎಂಬುದೂ ಗೊತ್ತಾಗಬೇಕು ಎಂಬ ಹಟ ನನಗೆ. ಜುಲೈ ತಿಂಗಳಲ್ಲಿ, ಅದೂ ಸಿಲ್ವರ್ ಓಕ್ ನೆರಳಿನಲ್ಲಿ, ಸೌರಫಲಕಕ್ಕೆ ಬಿಸಿಲೆಲ್ಲಿ? ಧಾರಾಳವಾಗಿ ಸಿಗುವುದು ಪಡುವಣದ ಗಾಳಿಯೊಂದೇ.

ಗಾಳಿಗೆ ತೊನೆಯುವ ಕಂಬಕ್ಕಿಂತ, ಅಷ್ಟೇ ಗಾಳಿಯಿಂದ ತಿರುಗುವ ಪುಟ್ಟ ಫ್ಯಾನ್ ಹೆಚ್ಚು ವಿದ್ಯುತ್ ತೆಗೆಯುತ್ತದೆ, ನಿಜ. ಆದರೆ ಅದರ ಬೇರಿಂಗ್‌ಗೆ ನೀರು ಇಳಿಯುತ್ತದೆ, ರೆಕ್ಕೆಗೆ ಮುರಿದ ಕೊಂಬೆ ಬಡಿಯುತ್ತದೆ. ನನಗೆ ಬೇಕಿರುವುದು ಕೆಲವೇ ಮಿಲಿವ್ಯಾಟ್. ಅಷ್ಟಕ್ಕೆ ಸ್ಪ್ರಿಂಗ್ ಉಕ್ಕಿನ ಪಟ್ಟಿಯ ಮೇಲೆ ಓಲಾಡುವ ಕಂಬ ಸಾಕು.

ಮೊದಲು ನಿಲ್ಲಿಸಿದ್ದು ದುಂಡು ಪೈಪ್. ಸ್ಪೇನಿನ ವೋರ್ಟೆಕ್ಸ್ ಬ್ಲೇಡ್‌ಲೆಸ್ ಕಂಪನಿ ನೆಚ್ಚಿಕೊಂಡಿರುವ ತತ್ವವೂ ಇದೇ. ಗಾಳಿ ಪೈಪನ್ನು ದಾಟುವಾಗ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಸುಳಿ ಕಳಚಿಕೊಳ್ಳುತ್ತದೆ. ಸುಳಿಗಳ ಆವರ್ತನವೆಂದರೆ ಸುಮಾರು 0.2ರಿಂದ ಗುಣಿಸಿದ ಗಾಳಿಯ ವೇಗವನ್ನು ಪೈಪಿನ ವ್ಯಾಸದಿಂದ ಭಾಗಿಸಿದಷ್ಟು. 10 ಸೆಂಟಿಮೀಟರ್ ಪೈಪಿಗೆ ಸೆಕೆಂಡಿಗೆ 4 ಮೀಟರ್ ಗಾಳಿ ತಾಗಿದರೆ 8 ಹರ್ಟ್ಜ್, ಅಂದರೆ ಸೆಕೆಂಡಿಗೆ 8 ಬಾರಿ. ಕಂಬದ ಸಹಜ ಆವರ್ತನ (ತಳ್ಳಿಬಿಟ್ಟರೆ ಅದು ತಾನಾಗಿ ಓಲಾಡುವ ಲಯ) ಇದಕ್ಕೆ ಹೊಂದಿದಾಗ ಮಾತ್ರ ಅದು ಚೆನ್ನಾಗಿ ತೊನೆಯುತ್ತದೆ. ನಮ್ಮ ಬೆಟ್ಟದ ಗಾಳಿಯೋ ಬೀಸುಬೀಸಾಗಿ ಬರುತ್ತದೆ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅತಿ ಹೆಚ್ಚು ಶಕ್ತಿಯಿರುವ ಬೀಸು ಬಂದಾಗಲೇ ಕಂಬ ಸುಮ್ಮನೆ ನಿಂತುಬಿಡುತ್ತಿತ್ತು.

ಅದಕ್ಕಾಗಿ ಈಗ ಚೌಕಾಕಾರದ ಥರ್ಮೋಕೋಲ್ ಕಂಬ. ಹಿಮ ಅಂಟಿದ ವಿದ್ಯುತ್ ತಂತಿಗಳು ಏಕೆ ಕುಪ್ಪಳಿಸುತ್ತವೆ ಎಂಬುದನ್ನು ಎಂಜಿನಿಯರ್ ಡೆನ್ ಹಾರ್ಟೋಗ್ 1930ರ ದಶಕದಲ್ಲೇ ವಿವರಿಸಿದ್ದರು. ನಾನು ನೆಚ್ಚಿರುವುದು ಆ ಗುಣವನ್ನೇ. ಚೌಕ ಕಂಬ ಪಕ್ಕಕ್ಕೆ ಸರಿದಾಗ ಗಾಳಿ ಅದಕ್ಕೆ ಓರೆಯಾಗಿ ತಾಗುತ್ತದೆ, ಆಗ ಹುಟ್ಟುವ ಬಲ ಅದನ್ನು ಸರಿದ ದಿಕ್ಕಿಗೇ ಮತ್ತಷ್ಟು ತಳ್ಳುತ್ತದೆ. ಒಂದು ಮಿತಿವೇಗ ದಾಟಿದ ಮೇಲೆ ಗಾಳಿ ಹೆಚ್ಚಿದಂತೆ ಓಲಾಟವೂ ಹೆಚ್ಚುತ್ತದೆ. ಅಂಚುಗಳು ಚೂಪಾಗಿರಬೇಕು, ಮಳೆಗೆ ಮೂಲೆಗಳು ಸವೆಯದಂತೆ ಪ್ಯಾಕಿಂಗ್ ಟೇಪ್ ಬಿಗಿಯಾಗಿ ಸುತ್ತಿದ್ದೇನೆ.

ಹೆಚ್ಚು ತಲೆ ತಿಂದದ್ದು ವಿದ್ಯುತ್ ಹೊರತೆಗೆಯುವ ಕೆಲಸ. ಕಂಬದ ಬುಡದಲ್ಲಿ ನಿಯೋಡಿಮಿಯಂ ಅಯಸ್ಕಾಂತ, ಅದರ ಎದುರಿಗೆ ಹಳೆಯ ಫ್ಯಾನ್ ಮೋಟಾರಿನ ತಾಮ್ರದ ತಂತಿ ಸುತ್ತಿದ ಸುರುಳಿ. ಸುರುಳಿಯಲ್ಲಿ ಅತ್ತಿತ್ತ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಲು ಸಾಮಾನ್ಯ ಸಿಲಿಕಾನ್ ಡಯೋಡ್‌ಗಳ ಸೇತುವೆ ಹಾಕಿದರೆ ಎರಡು ಡಯೋಡ್ ಸೇರಿ ಸುಮಾರು 1.4 ವೋಲ್ಟ್ ನುಂಗುತ್ತವೆ. ಸಣ್ಣ ಓಲಾಟದಲ್ಲಿ ಸುರುಳಿ ಕೊಡುವುದೇ ಅಷ್ಟು. ಕಡಿಮೆ ವೋಲ್ಟ್ ನುಂಗುವ ಶಾಟ್ಕಿ ಡಯೋಡ್ ಹಾಕಿದ ಮೇಲೆ ಮೀಟರಿನ ಮುಳ್ಳು ಮೇಲೆದ್ದಿತು. ಇನ್ನೊಂದು ತೊಡಕೆಂದರೆ, ಸುರುಳಿಯಿಂದ ವಿದ್ಯುತ್ ಎಳೆದಷ್ಟೂ ಕಂಬಕ್ಕೆ ತಡೆ ಹೆಚ್ಚಿ, ತೊನೆಯಲು ತೊಡಗುವ ಮಿತಿವೇಗವೇ ಮೇಲೇರುತ್ತದೆ. ವಿದ್ಯುತ್ ಕೂಡಿಡುವ ಸೂಪರ್ ಕೆಪಾಸಿಟರನ್ನು ನೇರವಾಗಿ ಜೋಡಿಸಿದರೆ ಮಂದ ಗಾಳಿಯಲ್ಲಿ ಕಂಬ ಅಲುಗುವುದೇ ಇಲ್ಲ. ಆದ್ದರಿಂದ ಓಲಾಟ ಸಾಕಷ್ಟು ಬೆಳೆದ ಮೇಲೆ ಮಾತ್ರ ಕೆಪಾಸಿಟರನ್ನು ಸುರುಳಿಗೆ ಜೋಡಿಸುವ ಪುಟ್ಟ ಸರ್ಕ್ಯೂಟ್ ಮಾಡಿದ್ದೇನೆ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಇದು. ಕಂಬ ಮೊದಲು ತನ್ನ ಲಯ ಹಿಡಿಯುತ್ತದೆ, ಆಮೇಲೆ ದುಡಿಯುತ್ತದೆ.

ಗಾಳಿ ಜೋರಾಗಿರುವ ರಾತ್ರಿಗಳಲ್ಲಿ ಮಾಪಕದ ಸಂದೇಶ ತಪ್ಪದೆ ಬರುತ್ತಿದೆ. ಮಳೆ ಬಿಡುವು ಕೊಟ್ಟಾಗ ಗಾಳಿಯೂ ತಗ್ಗುತ್ತದೆ. ಆ ದಿನಗಳಿಗೆ ಬ್ಯಾಟರಿಯ ಆಸರೆ ಇನ್ನೂ ಬೇಕು.

ಉಳಿದಿರುವುದು ದಿಕ್ಕಿನ ಸಮಸ್ಯೆ. ಗಾಳಿ ಚೌಕದ ಮುಖಕ್ಕೆ ನೇರವಾಗಿ ಬಡಿಯಬೇಕು, ಮೂಲೆಗೆ ಬಡಿದರೆ ತೊನೆತ ನಿಲ್ಲುತ್ತದೆ. ಮುಂಗಾರಿನಲ್ಲಿ ಗಾಳಿ ಹೆಚ್ಚಾಗಿ ಒಂದೇ ಕಡೆಯಿಂದ ಬೀಸುವುದರಿಂದ ನಡೆದುಹೋಗುತ್ತಿದೆ. ಹಿಂಗಾರಿನಲ್ಲಿ ಅದು ತಿರುಗುತ್ತದೆ. ತುಲಾ ಸಂಕ್ರಮಣದೊಳಗೆ ಇಡೀ ಬುಡವನ್ನು ನೈಲಾನ್ ಬುಶ್ ಮೇಲೆ ಕೂರಿಸಿ, ಗಾಳಿಯತ್ತ ತಿರುಗಿಸಲು ಹಿಂದೆ ತಗಡಿನ ಬಾಲ ಕಟ್ಟಬೇಕು.